ಎರಡನೇ ಕ್ಲಚ್ಚು

ನನ್ನ ಕಾರಿನಲ್ಲಿ ಎರಡು ಕ್ಲಚ್ಚು, ಎರಡು ಬ್ರೇಕು. ಒಂದು ಜೊತೆ ಕಲಿಯುವವರದು, ಇನ್ನೊಂದು ಜೊತೆ ಪಕ್ಕದ ಸೀಟಿನಲ್ಲಿ ಕೂರುವ ನನ್ನದು. ಸ್ಟೀರಿಂಗ್ ಮಾತ್ರ ಒಂದೇ. ಹೀಗಾಗಿ ಗಾಡಿಯನ್ನು ಯಾವ ಮರಕ್ಕೆ ಗುದ್ದಬೇಕು ಅನ್ನುವುದನ್ನು ಕಲಿಯುವವರು ತೀರ್ಮಾನಿಸುತ್ತಾರೆ, ಗುದ್ದದ ಹಾಗೆ ನಿಲ್ಲಿಸುವುದು ನನ್ನ ಪಾಲಿನ ಕೆಲಸ. ಇಪ್ಪತ್ತೇಳು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಪಾಠ ಶುರುವಾಗುವುದು 'ಹಾಫ್ ಕ್ಲಚ್' ಅನ್ನುವ ಮಾತಿನಿಂದ, ಮುಗಿಯುವುದೂ ಅದರಿಂದಲೇ. ಕ್ಲಚ್ಚನ್ನು ಪೂರ್ತಿ ತುಳಿದರೆ ಗಾಡಿ ಎಳೆಯುವುದಿಲ್ಲ, ಗಬಕ್ಕನೆ ಪೂರ್ತಿ ಬಿಟ್ಟರೆ ಆಫ್ ಆಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಇಂಜಿನ್ನು ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆ ಜಾಗ ಕಣ್ಣಿಗೆ ಕಾಣುವಂಥದ್ದಲ್ಲ, ಕಾಲಿಗೆ ಗೊತ್ತಾಗಬೇಕು. ಕಲಿಯುವವರೆಲ್ಲ ಹಿಂದಿನಿಂದ ನನ್ನನ್ನು 'ಹಾಫ್ ಕ್ಲಚ್' ಎಂದೇ ಕರೆಯುತ್ತಾರೆ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಯಾಕೆಂದರೆ ನನ್ನ ಕೋಪ ಇರುವುದೇ ಮೂಗಿನ ತುದಿಯಲ್ಲಿ.

ಈ ವರ್ಷ ನನ್ನ ಹತ್ತಿರ ಕಲಿತವರಿಗೆ ಏನು ಬಡಿದಿತ್ತೋ ಗೊತ್ತಿಲ್ಲ. ಹತ್ತೊಂಬತ್ತು ಜನ ಟೆಸ್ಟಿಗೆ ಹೋದರು, ಹದಿನಾಲ್ಕು ಜನ ಜೋಲುಮುಖ ಹಾಕಿಕೊಂಡು ಬಂದರು. ಅಷ್ಟೂ ಜನ ಸೋತದ್ದು ಒಂದೇ ಕಡೆ, ದಿಬ್ಬದ ಮೇಲೆ. ಟೆಸ್ಟ್ ಮೈದಾನದ ಮೂಲೆಯಲ್ಲಿ ಸಿಮೆಂಟಿನದೊಂದು ದಿಬ್ಬವಿದೆ. ಅರ್ಧ ಹತ್ತಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಅಲ್ಲಿಂದಲೇ ಮೇಲಕ್ಕೆ ಹೊರಡಬೇಕು. ಒಂದು ಮೊಳಕ್ಕಿಂತ ಹೆಚ್ಚು ಹಿಂದಕ್ಕೆ ಜಾರಿದರೆ ಫೇಲ್. ಇದೇ ಜನ ನನ್ನ ಜೊತೆ ನೀರಿನ ಟ್ಯಾಂಕಿನ ಏರಿನಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಡುತ್ತಿದ್ದರು. ಟೆಸ್ಟಿನಲ್ಲಿ ಮಾತ್ರ ಗಾಡಿ ಜಿಗಿಯುವುದು, ಆಫ್ ಆಗುವುದು, ಜಾರುವುದು. "ಹೆದರುಪುಕ್ಕಲರು" ಎಂದು ಬೈದೆ. "ಕಾಲಲ್ಲಿ ಜೀವ ಇಲ್ವಾ ನಿಮಗೆ?" ಎಂದು ಒಬ್ಬ ಬ್ಯಾಂಕ್ ಗುಮಾಸ್ತನಿಗೆ ಎಲ್ಲರೆದುರು ಕೇಳಿದೆ. ಅವನು ಇನ್ನೊಂದು ಸ್ಕೂಲಿಗೆ ಹೋಗಿ ಎರಡೇ ವಾರದಲ್ಲಿ ಪಾಸಾದ. ಆಗಲೂ ನನಗೆ ಬುದ್ಧಿ ಬರಲಿಲ್ಲ.

ಕಾರಿಗೂ ಏನೋ ರೋಗ ಹಿಡಿದಿತ್ತು. ಒಂದೇ ವರ್ಷದಲ್ಲಿ ಮೂರು ಸಲ ಕ್ಲಚ್ ಪ್ಲೇಟು ಸವೆದುಹೋಯಿತು. ಮೆಕ್ಯಾನಿಕ್ಕು ಸವೆದ ಪ್ಲೇಟನ್ನು ನನ್ನ ಮುಖದ ಮುಂದೆ ಹಿಡಿದು, "ಯಾರೋ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದಾರೆ ಮೇಷ್ಟ್ರೇ" ಅಂದ. "ಕಲಿಯೋರು ಇನ್ನೇನ್ ಮಾಡ್ತಾರಯ್ಯಾ, ತಲೆ ಇಡ್ತಾರಾ?" ಎಂದು ಅವನ ಬಾಯಿ ಮುಚ್ಚಿಸಿದೆ.

ಈ ಕಾರುಗಳಲ್ಲಿ ಒಂದು ಬಜರ್ ಇರುತ್ತದೆ. ಪಕ್ಕದ ಸೀಟಿನ ಪೆಡಲ್‌ಗೆ ಯಾರಾದರೂ ಕಾಲು ತಾಗಿಸಿದರೆ ಅದು ಕುಂಯ್ ಎಂದು ಕೂಗುತ್ತದೆ. ಟೆಸ್ಟಿನ ದಿನ ಆ ಸೀಟಿನಲ್ಲಿ ಕೂರುವವರು ಪರೀಕ್ಷಕರು. ಅವರು ಕಾಲಿಡಬೇಕಾಗಿ ಬಂತು ಅಂದರೆ ಅಲ್ಲಿಗೆ ಕಥೆ ಮುಗಿಯಿತು. ನನ್ನ ಕಾರಿನ ಬಜರಿನ ವೈರನ್ನು ನಾನೇ ಆರು ವರ್ಷದ ಹಿಂದೆ ಕಿತ್ತು ಹಾಕಿದ್ದೆ. ದಿನಕ್ಕೆ ಎಂಟು ಪಾಠ, ಪಾಠಕ್ಕೆ ಇಪ್ಪತ್ತು ಸಲ ಅದರ ಕುಂಯ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ನನ್ನ ಕಾಲು ಎಲ್ಲಿದೆ ಅಂತ ನನಗೆ ಹೇಳುವುದಕ್ಕೆ ಒಂದು ಡಬ್ಬಿ ಬೇಕೇ, ಅನ್ನಿಸಿತ್ತು.

ಇಷ್ಟರ ನಡುವೆ ನನ್ನ ತಂಗಿ ಕಲಿಯಲು ಬಂದಳು.

ಅವಳಿಗೆ ನಲವತ್ಮೂರು. ಅವಳ ಗಂಡ, ನಮ್ಮ ಭಾವ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯೊಂದರಲ್ಲಿ ವ್ಯಾನ್ ಡ್ರೈವರ್ ಆಗಿದ್ದವರು. ಬೆಳಿಗ್ಗೆ ಮಡಿಚಿದ ಹಾಸಿಗೆ ಹೊದಿಕೆಗಳನ್ನು ಆಸ್ಪತ್ರೆಗೆ ಇಳಿಸಿ, ಕೊಳೆಯಾದವನ್ನು ತುಂಬಿಕೊಂಡು ಬರುವ ಕೆಲಸ. ಕಳೆದ ವರ್ಷ ಅವರ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಲಾಂಡ್ರಿಯ ಯಜಮಾನರು ಒಳ್ಳೆಯ ಮನುಷ್ಯ. "ನಿಮ್ಮ ಹೆಂಡ್ತಿ ಲೈಸೆನ್ಸ್ ಮಾಡಿಸ್ಕೊಂಡು ಬರ್ಲಿ, ಆರು ತಿಂಗಳ ತನಕ ಸೀಟು ಬೇರೆಯವರಿಗೆ ಕೊಡಲ್ಲ" ಅಂದಿದ್ದರು. ಆ ಮನೆಗೆ ಬೇರೆ ಆದಾಯವಿಲ್ಲ. ಆಸ್ಪತ್ರೆಯ ಹಿಂಬಾಗಿಲಿಗೆ ಹೋಗುವ ದಾರಿ ಕೂಡ ಒಂದು ಕಡಿದಾದ ಏರು. ಅದಕ್ಕೇ ಭಾವ ದಿನಾ ಸಂಜೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ದಿಬ್ಬ ಹತ್ತಿದ್ಯಾ?"

ನನ್ನ ಜೊತೆ ಹತ್ತುತ್ತಿದ್ದಳು, ಚೆನ್ನಾಗಿಯೇ. ಟೆಸ್ಟಿನಲ್ಲಿ ಮೊದಲ ಸಲ ಜಾರಿದಳು. ಎರಡನೆಯ ಸಲವೂ ಜಾರಿದಳು. ನಮ್ಮಲ್ಲಿ ಮೂರು ಅವಕಾಶ. ಮೂರೂ ಹೋದರೆ ಒಂದು ವರ್ಷ ಅರ್ಜಿಯನ್ನು ಕೈಯಲ್ಲೂ ಮುಟ್ಟುವುದಿಲ್ಲ.

ಮೊದಲ ಸಲ ಫೇಲಾದ ಮರುದಿನ, ಟ್ಯಾಂಕಿನ ಏರಿನಲ್ಲಿ ಗಾಡಿ ನಿಲ್ಲಿಸಿ ಅವಳು ನನ್ನ ಕಡೆ ತಿರುಗಿದಳು.

"ಅಣ್ಣ, ನಾನು ಕಾಲೆತ್ತಿದ್ರೂ ಪೆಡಲ್ ಮೇಲೆ ಬರಲ್ಲ. ಅರ್ಧಕ್ಕೇ ನಿಂತ್ಬಿಡತ್ತೆ. ಆ ಕಡೆಯಿಂದ ನೀನೇನಾದ್ರೂ ಕಾಲಿಟ್ಟಿರ್ತೀಯಾ?"

ನನ್ನ ಪಿತ್ತ ನೆತ್ತಿಗೇರಿತು. "ನಾನಾ? ನನ್ನ ಕಾಲು ಕೆಳಗೆ ನೆಲದ ಮೇಲಿದೆ! ಇಪ್ಪತ್ತೇಳು ವರ್ಷದಿಂದ ಕಲಿಸ್ತಿದೀನಿ, ಕಾಲು ಎಲ್ಲಿಡಬೇಕು ಅಂತ ನೀನು ಹೇಳ್ಕೊಡ್ತೀಯಾ ನನಗೆ? ಮೊದಲು ನಿನ್ನ ಕಾಲು ನೋಡ್ಕೋ. ಕುಣಿಯೋಕೆ ಬರದೇ ಇದ್ರೆ ಸುಮ್ನಿರು, ನೆಲದ ಮೇಲೆ ತಪ್ಪು ಹೊರಿಸ್ಬೇಡ!"

ಅವಳು ಮುಂದೆ ನೋಡಿಕೊಂಡು, "ಸರಿ ಅಣ್ಣ" ಅಂದಳು. ಚಿಕ್ಕಂದಿನಿಂದಲೂ ಅಷ್ಟೇ. ನಾನು ಕೂಗಿದರೆ ಅವಳು ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಅವಳು ಬೀಗ ಹಾಕಿಕೊಂಡ ಕೂಡಲೇ ನಾನೇ ಸರಿ ಅಂತ ನನಗೆ ಖಾತ್ರಿಯಾಗಿಬಿಡುತ್ತದೆ. ಆಮೇಲೆ ಆ ವಿಷಯ ಅವಳು ಮತ್ತೆ ಎತ್ತಲಿಲ್ಲ.

ಮನೆಯಲ್ಲೂ ಒಂದಿಷ್ಟು ತಮಾಷೆ ನಡೆಯುತ್ತಿತ್ತು. ಒಂದು ದಿನ ಎಡಗಾಲಿನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬೀದಿ ಕೊನೆಯ ತನಕ ಹೋಗಿ ಬಂದಿದ್ದೆ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಂದು ದಿನ ಶೂ ಬಿಚ್ಚಿದಾಗ ಒಳಗಿನಿಂದ ಕಡಲೆಕಾಳಿನಷ್ಟು ದಪ್ಪದ ಕಲ್ಲು ಉರುಳಿತು, ಕಾಲುಚೀಲಕ್ಕೆ ರಕ್ತ ಅಂಟಿತ್ತು. ಆಗ ಅವಳು ನಗಲಿಲ್ಲ. "ನಿಮ್ಗಿರೋ ಸಕ್ಕರೆ ಕಾಯಿಲೆಯಲ್ಲಿ ಕಾಲು ಮರಗಟ್ಟತ್ತಂತೆ, ಡಾಕ್ಟ್ರಿಗೆ ತೋರಿಸ್ರೀ" ಅಂದಳು. "ನಾಳೆ ನೋಡೋಣ" ಅಂದೆ. ಕಲಿಸುವವರ ಬ್ಯಾಡ್ಜು ಪ್ರತಿ ವರ್ಷ ಹೊಸದಾಗಬೇಕಾದರೆ ಡಾಕ್ಟರ ಸಹಿ ಬೇಕು. ನಾನೇ ಹೋಗಿ ಆ ಬಾಗಿಲು ಯಾಕೆ ತಟ್ಟಲಿ? ಅಂಥ ನಾಳೆಗಳು ಎಷ್ಟೋ ಹೋದವು.

ಮೂರನೆಯ ಟೆಸ್ಟು ಯಜಮಾನರ ಗಡುವಿನ ಕೊನೆಯ ಶನಿವಾರಕ್ಕೆ ಬಂತು. ಅದೇ ವಾರ ಲೈಸೆನ್ಸ್ ಆಫೀಸಿನಿಂದ ಎಲ್ಲ ಸ್ಕೂಲುಗಳಿಗೂ ಒಂದು ಸುತ್ತೋಲೆ ಬಂದಿತ್ತು. ಬಜರ್ ಕೆಲಸ ಮಾಡದ ಗಾಡಿಯನ್ನು ಮೈದಾನದೊಳಗೇ ಬಿಡುವುದಿಲ್ಲವಂತೆ. ಶುಕ್ರವಾರ ಸಂಜೆ ಮೆಕ್ಯಾನಿಕ್ಕು ಹೊಸ ವೈರು ಹಾಕಿ ಕೊಟ್ಟ. ನಾನು ಕೈಯಿಂದ ಪೆಡಲ್ ಒತ್ತಿ ನೋಡಿದೆ, ಕುಂಯ್ ಅಂದಿತು. ಹಳೆಯ ಶತ್ರು ಮನೆಗೆ ವಾಪಸು ಬಂದ ಹಾಗಾಯಿತು.

ಶನಿವಾರ ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಅರ್ಜಿಯ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದಳು. ಟೆಸ್ಟು ಒಂಬತ್ತೂವರೆಗೆ. ಎಂಟೂವರೆಗೆ ನಾನೇ ಗಾಡಿ ಓಡಿಸಿ ಅವಳನ್ನು ಟ್ಯಾಂಕಿನ ಏರಿಗೆ ಕರೆದುಕೊಂಡು ಹೋದೆ, ಒಂದು ಸಲ ಕೈ ಆಡಿಸಿಕೊಳ್ಳಲಿ ಎಂದು. ಅವಳು ಅರ್ಧ ಏರಿ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಮೊದಲನೇ ಗೇರು. ಆಕ್ಸಿಲರೇಟರ್ ಸ್ವಲ್ಪ ಒತ್ತಿದಳು.

"ಹಾಫ್ ಕ್ಲಚ್" ಅಂದೆ.

ಬಜರ್ ಕೂಗಿತು.

ಅವಳು ಬೆಚ್ಚಿ ನಿಲ್ಲಿಸಿದಳು. ಬಜರೂ ನಿಂತಿತು. "ಇನ್ನೊಂದ್ಸಲ" ಅಂದೆ. ಅವಳು ಕಾಲೆತ್ತಲು ಶುರು ಮಾಡಿದ ಕೂಡಲೇ ಮತ್ತೆ ಕುಂಯ್ ಎಂದಿತು, ನಿಲ್ಲಲೇ ಇಲ್ಲ. ಗಾಡಿ ಒಂದಿಷ್ಟೂ ಅಲುಗದೆ, ಬೆಣ್ಣೆಯಂತೆ, ಏರಿನ ಮೇಲೆ ಹೊರಟಿತು. "ಹಾಳಾದ ಮೆಕ್ಯಾನಿಕ್ಕು, ಏನೋ ಶಾರ್ಟ್ ಮಾಡಿಟ್ಟಿದಾನೆ" ಎನ್ನುತ್ತಾ ನಾನು ಬಗ್ಗಿ ಕೆಳಗೆ ನೋಡಿದೆ.

ನನ್ನ ಎಡಗಾಲು ಕ್ಲಚ್ಚಿನ ಮೇಲಿತ್ತು.

ನಾನು ಇಟ್ಟಿರಲಿಲ್ಲ. ಇಟ್ಟದ್ದು ಗೊತ್ತೇ ಆಗಿರಲಿಲ್ಲ. ನೆಲದ ಮೇಲಿದೆ ಎಂದೇ ಆಣೆ ಮಾಡಿ ಹೇಳುತ್ತಿದ್ದೆ. ಆ ಕಾಲು ಪೆಡಲನ್ನು ಅರ್ಧಕ್ಕೆ ಹಿಡಿದು, ಇಪ್ಪತ್ತೇಳು ವರ್ಷದ ಅಭ್ಯಾಸದಿಂದ, ಅಳತೆ ಮಾಡಿದ ಹಾಗೆ ನಿಧಾನವಾಗಿ ಬಿಡುತ್ತಿತ್ತು. ನನ್ನ ಕಣ್ಣೆದುರೇ ಬಿಡುತ್ತಿತ್ತು. ಬೇರೆ ಯಾರದೋ ಕಾಲನ್ನು ನೋಡಿದ ಹಾಗೆ ನೋಡಿದೆ. ಹದಿನಾಲ್ಕು ಜನರ ಮುಖವೂ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು, ಎಲ್ಲರಿಗಿಂತ ಮುಂದೆ ಆ ಬ್ಯಾಂಕ್ ಗುಮಾಸ್ತ. ಟ್ಯಾಂಕಿನ ಏರನ್ನು ಇವರಲ್ಲಿ ಯಾರೂ ಹತ್ತಿಯೇ ಇರಲಿಲ್ಲ. ಹತ್ತಿದ್ದು ನಾನು.

"ಅಣ್ಣ, ಏನದು?" ತಂಗಿ ಕೇಳಿದಳು. ಅವಳ ಕಣ್ಣು ರಸ್ತೆಯ ಮೇಲಿತ್ತು. ಅಥವಾ ಹಾಗೆ ಕಾಣುವಂತೆ ಇಟ್ಟುಕೊಂಡಿದ್ದಳು.

ನಾನು ಕೈಯಿಂದ ಮೊಣಕಾಲನ್ನು ಎತ್ತಿ ಆಚೆ ಇಟ್ಟೆ. ಬಜರ್ ನಿಂತಿತು.

"ವೈರು" ಅಂದೆ. "ವೈರು ಸರಿಯಿಲ್ಲ."

ಈ ಮಾತು ಬಾಯಿಂದ ಬಂದಾಗ ಗಂಟೆ ಎಂಟು ಮುಕ್ಕಾಲು. ಇನ್ನೂ ನಲವತ್ತೈದು ನಿಮಿಷವಿತ್ತು. ದಡ್ಡರಲ್ಲಿ ದಡ್ಡರಿಗೂ ಹಾಫ್ ಕ್ಲಚ್ ಹಿಡಿಸಲು ನನಗೆ ನಲವತ್ತು ನಿಮಿಷ ಸಾಕು ಎಂದು ನಾನೇ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ನನ್ನ ತಂಗಿ ದಡ್ಡಿಯಲ್ಲ.

ಮೈದಾನದ ಹೊರಗೆ ಗಾಡಿ ನಿಲ್ಲಿಸಲು ಹೇಳಿ, ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿದೆ. ಸರಿಯಾಗಿಯೇ ಇದ್ದ ವೈರನ್ನು ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಅವಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

"ಅಣ್ಣ, ಟೈಮಿದೆ. ಇನ್ನೊಂದ್ಸಲ ಏರಿಗೆ ಹೋಗಿ ಬರೋಣ್ವಾ?" ಅಂದಳು. ಆಮೇಲೆ ಮೆಲ್ಲಗೆ, "ನೀನು ಸೀಟ್ ಮೇಲೆ ಕಾಲು ಮಡಚ್ಕೊಂಡು ಕೂತ್ಕೋ. ಒಂದೇ ಸಲ. ನನಗೋಸ್ಕರ" ಅಂದಳು.

ಅಷ್ಟು ಬಿಡಿಸಿ ಹೇಳಿದಳು. ನನಗೆ ಎಲ್ಲ ಅರ್ಥವಾಯಿತು. 'ಹೌದು ಕಣೇ, ನೀನು ಅವತ್ತು ಹೇಳಿದ್ದೇ ಸರಿ' ಅನ್ನಬೇಕಿತ್ತು, ಅಷ್ಟೇ. ಆದರೆ ಆ ಮಾತು ಹೊರಬಂದರೆ ಅದರ ಹಿಂದೆಯೇ ಬ್ಯಾಡ್ಜು ಹೋಗುತ್ತದೆ, ಕೆಲಸ ಹೋಗುತ್ತದೆ, ಹದಿನಾಲ್ಕು ಜನ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ, ನಾನು ಇವಳ ಎದುರು ಯಾವತ್ತೂ ತಪ್ಪಿದವನಲ್ಲ. ತಪ್ಪಿದ್ದೇನೆ ಎಂದು ಹೇಳುವುದು ಹೇಗೆಂದು ನನಗೆ ಅಭ್ಯಾಸವೇ ಇರಲಿಲ್ಲ.

"ಮೊದಲು ವೈರ್ ಸರಿಯಾಗ್ಲಿ" ಅಂದೆ. "ಇದು ಕೂಗ್ತಿದ್ರೆ ಒಳಗೇ ಬಿಡಲ್ಲ."

ಅವಳು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು. ನಾನು ವೈರನ್ನು ನೋಡಿದೆ.

"ಸರಿ ಅಣ್ಣ" ಅಂದಳು.

ಒಂಬತ್ತೂವರೆಗೆ ಅವಳನ್ನು ಕರೆದರು. ಪರೀಕ್ಷಕಿ ಕಡ್ಡಿಯಂಥ ಹೆಂಗಸು, ಹತ್ತು ವರ್ಷದಿಂದ ನನ್ನನ್ನು ಬಲ್ಲವರು. ಪಕ್ಕದ ಸೀಟಿನಲ್ಲಿ ಕೂತು ಎರಡೂ ಕಾಲನ್ನು ಹಿಂದಕ್ಕೆಳೆದುಕೊಂಡು ಮಡಿಲಲ್ಲಿ ಕಾಗದ ಸಿಕ್ಕಿಸಿದ ಹಲಗೆ ಇಟ್ಟುಕೊಂಡರು. ನಾನು ಬೇಲಿಯ ಹೊರಗಿನ ಬೆಂಚಿನ ಮೇಲೆ ಕೂತೆ. ಗಾಡಿ ಹೊರಡುವಾಗಲೇ ಒಮ್ಮೆ ಮುಗ್ಗರಿಸಿತು. ಆಮೇಲೆ ಅವಳು ಸುಧಾರಿಸಿಕೊಂಡಳು. ಎರಡು ಕಂಬಗಳ ನಡುವೆ ಹಿಂದಕ್ಕೆ ತೆಗೆದು ನಿಲ್ಲಿಸಿದ್ದು ನೋಡಬೇಕಿತ್ತು, ಗೆರೆ ಎಳೆದ ಹಾಗೆ. ಸಿಗ್ನಲ್ಲಿನಲ್ಲಿ ನಿಂತಳು, ಕನ್ನಡಿ ನೋಡಿದಳು, ತಿರುವಿನಲ್ಲಿ ವೇಗ ಇಳಿಸಿದಳು. ಅವಳಿಗೆ ಎಲ್ಲ ಬರುತ್ತಿತ್ತು. ನಾನು ಬಿಟ್ಟುಕೊಟ್ಟದ್ದೆಲ್ಲ ಅವಳಿಗೆ ಬರುತ್ತಿತ್ತು.

ದಿಬ್ಬದ ಅರ್ಧಕ್ಕೆ ನಿಲ್ಲಿಸಿದಳು. ಬ್ರೇಕಿನ ಕೆಂಪು ದೀಪ ಹತ್ತಿತು, ಆರಿತು. ಇಂಜಿನ್ನಿನ ಸದ್ದು ಏರಿತು. ಬೆಂಚಿನ ಮೇಲೆ ಕೂತಿದ್ದ ನಾನು ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದೆ. ಕಣ್ಣಿನಿಂದ ನೋಡಿದ್ದಕ್ಕೆ ಗೊತ್ತಾಯಿತು. ಗಾಡಿ ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಹಿಂದಕ್ಕೆ ಜಾರತೊಡಗಿತು. ಒಂದು ಮೊಳ, ಎರಡು ಮೊಳ. ಆಗ ಮೈದಾನದ ಆ ಮೂಲೆಯಿಂದ ಬಜರಿನ ಕುಂಯ್ ಸ್ಪಷ್ಟವಾಗಿ ಕೇಳಿಸಿತು. ಪರೀಕ್ಷಕಿ ಬ್ರೇಕ್ ತುಳಿದಿದ್ದರು.

ಕಾಗದದ ಮೇಲೆ ಮೂರನೆಯ ಮೊಹರು ಬಿತ್ತು. "ಮುಂದಿನ ವರ್ಷ ಬನ್ನಿ ಅಮ್ಮ" ಅಂದರು ಪರೀಕ್ಷಕಿ. ನನ್ನ ಕಡೆ ತಿರುಗಿ, "ಏನ್ರೀ ಇದು, ನಿಮ್ಮ ಕಡೆಯೋರೆಲ್ಲ ಈ ವರ್ಷ ದಿಬ್ಬದಲ್ಲೇ?" ಎಂದು ಕೇಳಿದರು. ನಾನು ತಲೆ ಕೆರೆದುಕೊಂಡೆ.

ವಾಪಸು ನಾನು ಓಡಿಸಿದೆ. ಕಾಲು ಎಲ್ಲಿದೆ ಎಂದು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದೆ. ನೋಡಿದಾಗಲೆಲ್ಲ ಅದು ಕ್ಲಚ್ಚಿನ ಮೇಲೆಯೇ ಇರುತ್ತಿತ್ತು, ಎತ್ತಿಡುತ್ತಿದ್ದೆ. ಅವಳು ಕವರನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನು ಗದರಿಸಿಯಾದರೂ ಸುಮ್ಮನಿರಿಸುತ್ತಿದ್ದೆ. ಅವಳ ಬೀದಿಯ ತಿರುವಿನಲ್ಲಿ ಅವಳು ಬಾಯಿಬಿಟ್ಟಳು.

"ವೈರು ಸರಿಯಾಗೇ ಇತ್ತು ಅಣ್ಣ. ಟೆಸ್ಟಲ್ಲಿ ಅಷ್ಟು ಹೊತ್ತೂ ಕೂಗ್ಲಿಲ್ಲ. ಅವರು ಕಾಲಿಟ್ಟಾಗ ಮಾತ್ರ ಕೂಗ್ತು."

ನಾನು ಗೇರು ಬದಲಿಸಿದೆ. ಗಾಡಿ ಅವಳ ಮನೆ ಮುಂದೆ ನಿಂತಿತು.

ಭಾವ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಗಾಡಿಯ ಸದ್ದಿಗೆ ಎದ್ದು ನಿಂತಿದ್ದರು. ನಾವಿಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಅವರು ಮೂಗೆಳೆದುಕೊಂಡರು.

"ಕ್ಲಚ್ ಸುಟ್ಟ ವಾಸನೆ" ಅಂದರು. ಕಣ್ಣು ಹೋದಮೇಲೆ ಅವರ ಮೂಗು, ಕಿವಿ ಎರಡೂ ಎಚ್ಚರ. "ದಾರಿಯುದ್ದಕ್ಕೂ ಕ್ಲಚ್ ಮೇಲೆ ಕಾಲಿಟ್ಕೊಂಡು ಬಂದಿದಾರೆ ಯಾರೋ. ಓಡಿಸಿದ್ದು ಯಾರು?"

ನಾನು ಗಾಡಿಯ ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ನಾನೇ" ಅಂದಳು ತಂಗಿ.

"ದಿಬ್ಬ ಹತ್ತಿದ್ಯಾ?"

"ಇಲ್ಲ. ಜಾರಿತು."

ಭಾವ ಕೈಯಿಂದ ಕುರ್ಚಿಯನ್ನು ತಡಕಿ ಕೂತರು. ಆಮೇಲೆ ಅವರು ಕೂಗಾಡಿದರು. ಆ ಮನುಷ್ಯ ದನಿ ಎತ್ತಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಆರು ತಿಂಗಳು! ಕಲ್ಲಿಗೆ ಹೇಳಿದ್ರೂ ಕಲೀತಿತ್ತು. ಸ್ವಂತ ಅಣ್ಣ ಪಕ್ಕದಲ್ಲಿ ಕೂತು ಹೇಳ್ಕೊಟ್ಟಿದಾರೆ, ಆದ್ರೂ ಕ್ಲಚ್ ಮೇಲಿಂದ ಕಾಲು ತೆಗೆಯೋದು ಗೊತ್ತಾಗಲ್ಲ ನಿನಗೆ! ಸೋಮವಾರ ಯಜಮಾನ್ರಿಗೆ ಏನಂತ ಹೇಳ್ಲಿ ನಾನು? ವ್ಯಾನಿನ ಕೀ ಬೇರೆಯೋರ ಕೈಗೆ ಕೊಡಿ ಅಂತ ನಾನೇ ಹೇಳ್ಲಾ?" ಹಾಗೆಂದು, ನಾನು ನಿಂತ ಕಡೆಗಿಂತ ಸ್ವಲ್ಪ ಆಚೆಗೆ ಮುಖ ತಿರುಗಿಸಿ ಕೈಮುಗಿದರು. "ಭಾವ, ನೀವು ಮಾಡೋದೆಲ್ಲ ಮಾಡಿದ್ರಿ. ನಮ್ಮ ಹಣೆಬರಹ. ಇವಳ ಮೇಲೆ ಬೇಜಾರು ಮಾಡ್ಕೋಬೇಡಿ."

ತಂಗಿ ಗೋಡೆಗೊರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ. ಈಗ ಹಾಗನ್ನುವುದು ಸುಲಭ. ಆಗ ನಾನು ಅಂದದ್ದು, "ಇರ್ಲಿ ಬಿಡಿ ಭಾವ" ಎಂದು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ. ಆ ಮೂರು ಮಾತು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಹೊರಗೆ ಬಂದು ಮೆಟ್ಟಿಲಿಳಿದು, ಜಲ್ಲಿ ಹಾಸಿದ ಅಂಗಳ ದಾಟಿ, ಗಾಡಿಯ ಬಾಗಿಲಿಗೆ ಕೈ ಹಾಕಿದೆ.

"ಅಣ್ಣ, ನಿಲ್ಲು."

ತಂಗಿ ಹಿಂದೆಯೇ ಬಂದಿದ್ದಳು. ಅವಳ ಕೈಯಲ್ಲಿ ನನ್ನ ಚಪ್ಪಲಿ ಇತ್ತು, ಒಂದೇ ಒಂದು. ಬಗ್ಗಿ ನೋಡಿಕೊಂಡೆ. ಬಲಗಾಲಲ್ಲಿ ಚಪ್ಪಲಿ. ಎಡಗಾಲು ಬರಿದಾಗಿ ಜಲ್ಲಿಯ ಮೇಲಿತ್ತು.

ಅವಳು ಕೂತು ಚಪ್ಪಲಿಯನ್ನು ನನ್ನ ಕಾಲ ಮುಂದಿಟ್ಟಳು. ಬೆರಳು ಸರಿಯಾಗಿ ಹೋಗದ್ದು ನೋಡಿ, ತಾನೇ ಪಾದ ಹಿಡಿದು ಒಳಗೆ ತೂರಿಸಿದಳು. ಅವಳ ಕೈ ಬಿಸಿಯಾಗಿತ್ತೋ ತಣ್ಣಗಿತ್ತೋ ನನಗೆ ಗೊತ್ತಿಲ್ಲ.

"ಸೋಮವಾರ ಬೆಳಿಗ್ಗೆ ಯಾರಿಗೆ ಪಾಠ?" ಏಳುತ್ತಾ ಕೇಳಿದಳು.

"ಒಬ್ಬಳು ನರ್ಸು. ಮುಂದಿನ ವಾರ ಅವಳ ಟೆಸ್ಟು."

"ಅವಳಿಗಾದ್ರೂ ಹೇಳು."

ನಾನು "ಹೂಂ" ಅಂದೆ. ಅವಳು ನಂಬಲಿಲ್ಲ. ಕೈಗಂಟಿದ ಧೂಳನ್ನು ಸೆರಗಿಗೆ ಒರೆಸಿಕೊಂಡು, ಗಂಡನ ಬೈಗುಳ ಇನ್ನೂ ಮುಗಿದಿರದ ಮನೆಯೊಳಕ್ಕೆ ಹೋದಳು.